ಇನ್‌ಪುಟ್ ಪಿನ್ನಿಗೆ ಜೀನರ್ ಹಾಕಿದರೂ ಸ್ಟ್ಯಾಟಿಕ್ ಹೊಡೆತಕ್ಕೆ ಐಸಿ ಹೋಗುತ್ತಿದೆ, ಏನು ಮಾಡಲಿ?

ನೀವು ಹೇಳಿದ್ದು ಇಷ್ಟು: ಸಿಂಧನೂರಿನ ಅಕ್ಕಿ ಗಿರಣಿಗೆ ಚೀಲ ಎಣಿಸುವ ಬೋರ್ಡ್ ಮಾಡಿದ್ದೀರಿ. ಲಿಮಿಟ್ ಸ್ವಿಚ್‌ನಿಂದ 3 ಮೀಟರ್ ವೈರ್ ನೇರ ಅಟ್‌ಮೆಗಾ328ಪಿ ಮೈಕ್ರೊಕಂಟ್ರೋಲರ್ ಐಸಿಯ ಪಿನ್ನಿಗೆ ಬರುತ್ತದೆ. ಬಿಸಿಲು ಶುರುವಾದ ಮೇಲೆ ಮೂರು ಬೋರ್ಡ್ ಹೋದವು, ಐಸಿ ಪಕ್ಕದಲ್ಲೇ 5.1 ವೋಲ್ಟ್ ಜೀನರ್ (ಅಷ್ಟು ವೋಲ್ಟ್ ದಾಟಿದರೆ ಗ್ರೌಂಡಿಗೆ ಹರಿಸುವ ಡಯೋಡ್) ಹಾಕಿದರೂ ನಾಲ್ಕನೆಯದು ಉಳಿಯಲಿಲ್ಲ.

ನನಗೆ ಗಂಗಾವತಿಯಲ್ಲಿ ಹೀಗೇ ಆಗಿತ್ತು. ಅದೇ ರಬ್ಬರ್ ಬೆಲ್ಟ್, ಅದೇ ಪ್ಲಾಸ್ಟಿಕ್ ಚೀಲ. ಮಳೆಗಾಲ ಪೂರ್ತಿ ಬೋರ್ಡ್ ಚೆನ್ನಾಗಿ ನಡೆಯಿತು. ಫೆಬ್ರವರಿಯಲ್ಲಿ ಗಾಳಿ ಒಣಗಿದ್ದೇ ತಡ, ಹಮಾಲರು ಚೀಲ ಇಳಿಸಿ ಕಬ್ಬಿಣ ಮುಟ್ಟಿದರೆ ಚುರ್ ಅಂತ ಹೊಡೆಯಲು ಶುರುವಾಯಿತು. ಆ ಚುರುಕು ನಮಗೆ ಗೊತ್ತಾಗಬೇಕಾದರೇ ಸುಮಾರು 3,000 ವೋಲ್ಟ್ ಬೇಕು. ಐಸಿಗೆ ಅಷ್ಟು ಬೇಕಾಗಿಲ್ಲ, ನಮಗೆ ಏನೂ ಅನಿಸದೆಯೇ ಅದು ಹಾಳಾಗಬಹುದು.

ಜೀನರ್ ತಪ್ಪಲ್ಲ, ಅದನ್ನು ಇಟ್ಟ ಜಾಗ ತಪ್ಪು. ಹೊಲಕ್ಕೆ ನೀರು ನುಗ್ಗಿದ ಮೇಲೆ ಒಡ್ಡು ಹಾಕಿದ ಹಾಗೆ ಆಗಿದೆ. ಲೆಕ್ಕ ನೋಡಿ. ಬೋರ್ಡ್ ಸ್ಟ್ಯಾಟಿಕ್ ಹೊಡೆತ ತಡೆಯುತ್ತದಾ ಎಂದು ನೋಡುವ ಐಇಸಿ 61000-4-2 ಪರೀಕ್ಷೆಯಲ್ಲಿ 8,000 ವೋಲ್ಟ್ ನೇರ ಮುಟ್ಟಿಸಿದರೆ ಮೊದಲ ಏಟಿಗೆ ಸುಮಾರು 30 ಆಂಪಿಯರ್ ಹರಿಯುತ್ತದೆ, ಅದೂ ಒಂದು ನ್ಯಾನೋಸೆಕೆಂಡ್ ಒಳಗೆ ಅಷ್ಟಕ್ಕೆ ಏರುತ್ತದೆ. ಪಿಸಿಬಿ ಟ್ರ್ಯಾಕಿನ ಇಂಡಕ್ಟನ್ಸ್ (ಕರೆಂಟ್ ದಿಢೀರ್ ಏರುವುದಕ್ಕೆ ಅಡ್ಡ ಬರುವ ಗುಣ) ಮಿಲಿಮೀಟರಿಗೆ ಹೆಚ್ಚುಕಡಿಮೆ 1 ನ್ಯಾನೋಹೆನ್ರಿ. ಅಂದರೆ ಆ ವೇಗದಲ್ಲಿ ಒಂದೊಂದು ಮಿಲಿಮೀಟರ್ ಟ್ರ್ಯಾಕಿಗೂ 30 ವೋಲ್ಟ್ ಏಳುತ್ತದೆ. ನಿಮ್ಮ ಜೀನರ್‌ನಿಂದ ಗ್ರೌಂಡಿಗೆ 2 ಸೆಂಟಿಮೀಟರ್ ದಾರಿ ಇದ್ದರೆ ಅಲ್ಲೇ 600 ವೋಲ್ಟ್ ಆಯಿತು, ಜೀನರ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಪಿನ್ನಿಗೆ ಕಾಣುವುದು ಆ 600 ಸೇರಿಸಿಯೇ. ನಾನು ಇದನ್ನು ತಿಳಿಯುವ ಹೊತ್ತಿಗೆ ಐದು ಐಸಿ ಹೋಗಿದ್ದವು.

ಹಾಗಾಗಿ ವೈರ್ ಬೋರ್ಡಿಗೆ ಬರುವ ಕನೆಕ್ಟರ್ ಪಕ್ಕದಲ್ಲೇ ಟಿವಿಎಸ್ ಡಯೋಡ್ (ಇಂಥ ದಿಢೀರ್ ಹೊಡೆತವನ್ನು ಗ್ರೌಂಡಿಗೆ ಇಳಿಸಲೆಂದೇ ಮಾಡಿದ ಡಯೋಡ್) ಹಾಕಿ. ಎಸ್‌ಎಂಎಜೆ5.0ಎ ನಡೆಯುತ್ತದೆ. ಅದರ ಗ್ರೌಂಡ್ ಅಗಲವಾಗಿ, ಗಿಡ್ಡವಾಗಿ ಇರಲಿ. ಟ್ರ್ಯಾಕ್ ಮೊದಲು ಟಿವಿಎಸ್ ಪ್ಯಾಡ್ ಮುಟ್ಟಿ ಆಮೇಲೆ ಮುಂದೆ ಹೋಗಬೇಕು, ಪಕ್ಕಕ್ಕೆ ಕವಲು ತೆಗೆದು ಟಿವಿಎಸ್ ತಲುಪಿಸಿದರೆ ಮತ್ತೆ ಅದೇ ಕಥೆ. ಹೆಸರಲ್ಲಿ 5.0 ಇದೆ ಅಂತ 5 ವೋಲ್ಟಿಗೇ ನಿಲ್ಲಿಸುತ್ತದೆ ಅಂದುಕೊಳ್ಳಬೇಡಿ, ದೊಡ್ಡ ಕರೆಂಟ್ ಬಂದಾಗ 9.2 ವೋಲ್ಟ್ ತನಕ ಹೋಗುತ್ತದೆ. ಅದಕ್ಕೇ ಟಿವಿಎಸ್ ಆದ ಮೇಲೆ ಪಿನ್ನಿನ ಕಡೆ 1 ಕಿಲೋಓಮ್ ರೆಸಿಸ್ಟರ್ ಬೇಕು. ಆಗ ಐಸಿ ಒಳಗಿನ ರಕ್ಷಣಾ ಡಯೋಡಿಗೆ ಹೋಗುವುದು ಸುಮಾರು 4 ಮಿಲಿಆಂಪಿಯರ್ ಮಾತ್ರ. ಪಿನ್ ಹತ್ತಿರ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ, ಚೀಲ ಎಣಿಸುವ ವೇಗಕ್ಕೆ ಅದು ಅಡ್ಡಿಯಾಗುವುದಿಲ್ಲ.

ಟಿವಿಎಸ್ ಊರಲ್ಲಿ ಸಿಗದಿದ್ದರೆ ಅದೇ ಜಾಗದಲ್ಲಿ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೂಡ ತಕ್ಕಮಟ್ಟಿಗೆ ಕಾಪಾಡುತ್ತದೆ. ಪರೀಕ್ಷೆಯಲ್ಲಿ ಬಳಸುವ 150 ಪಿಕೋಫ್ಯಾರಡ್‌ನಲ್ಲಿ 8,000 ವೋಲ್ಟ್ ಇದ್ದರೂ ಚಾರ್ಜ್ 1.2 ಮೈಕ್ರೋಕೂಲಂಬ್ ಅಷ್ಟೇ, ಅದು ಈ ದೊಡ್ಡ ಕೆಪಾಸಿಟರಿಗೆ ಹಂಚಿಹೋದರೆ 12 ವೋಲ್ಟ್ ಆಗುತ್ತದೆ. ಆಗಲೂ ರೆಸಿಸ್ಟರ್ ಬಿಡಬೇಡಿ. ಯುಎಸ್‌ಬಿ ಡೇಟಾ ಲೈನಿಗೆ ಮಾತ್ರ ಇದ್ಯಾವುದೂ ಬೇಡ, ಸಿಗ್ನಲ್ಲೇ ಸತ್ತುಹೋಗುತ್ತದೆ. ಅಲ್ಲಿಗೆ ಯುಎಸ್‌ಬಿಎಲ್‌ಸಿ6-2 ತರಹದ, ಕೆಪಾಸಿಟನ್ಸ್ ಕಡಿಮೆ ಇರುವ ಭಾಗ ಬೇಕು.

ಬೆಲ್ಟಿನ ಫ್ರೇಮಿಗೆ ಅರ್ತಿಂಗ್ ಇದೆಯಾ ನೋಡಿ. ನನ್ನ ಗಿರಣಿಯಲ್ಲಿ ಅರ್ತಿಂಗ್ ವೈರ್ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು, ಅದನ್ನು ಕಟ್ಟಿದ ದಿನವೇ ಹಮಾಲರಿಗೆ ಹೊಡೆಯುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಹೊಡೆತ ತಿಂದೂ ಓಡುತ್ತಿರುವ ಹಳೇ ಐಸಿ ಇದ್ದರೆ ತೆಗೆದುಬಿಡಿ, ಒಳಗೆ ಅರ್ಧ ಸುಟ್ಟಿದ್ದರೆ ತಿಂಗಳಾದ ಮೇಲೆ ಕೈ ಕೊಡುತ್ತದೆ.

ಮೇಲೆ ಹೇಳಿದ ಪರೀಕ್ಷೆಗೆ ಹೊಡೆತ ಕೊಡುವ ಗನ್ ನನ್ನ ಹತ್ತಿರ ಇಲ್ಲ. ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿಯನ್ನು ಕನೆಕ್ಟರಿಗೆ ಹತ್ತಾರು ಸಲ ಹೊಡೆಸಿ ನೋಡುತ್ತೇನೆ. ಅದರ ಚಾರ್ಜ್ ಕಡಿಮೆ, ಹಾಗಾಗಿ ಅದಕ್ಕೆ ಸತ್ತರೆ ಬೋರ್ಡ್ ಖಂಡಿತ ಸರಿಯಿಲ್ಲ, ಬದುಕಿದರೆ ಪೂರ್ತಿ ಗ್ಯಾರಂಟಿ ಅಂತಲೂ ಅಲ್ಲ. ನಿಮ್ಮ ಪಿಸಿಬಿಯ ಎರಡೂ ಬದಿಯ ಫೋಟೋ ಹಾಕಿ, ಗ್ರೌಂಡ್ ಎಲ್ಲೆಲ್ಲಿ ಸುತ್ತಿದೆ ನೋಡೋಣ.