ಕಾರ್-ಟಿ ಚಿಕಿತ್ಸೆಯ ನಂತರ ಬರುವ ಜ್ವರ, ಗೊಂದಲ, ಸೋಂಕು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಎರಡನೇ ಬಾರಿ ಮರುಕಳಿಸಿದ್ದರಿಂದ ಬೆಂಗಳೂರಿನ ವೈದ್ಯರು ಕಾರ್-ಟಿ ಚಿಕಿತ್ಸೆ ಸೂಚಿಸಿದ್ದಾರೆ. ಒಪ್ಪಿಗೆ ಪತ್ರದಲ್ಲಿ ತೀವ್ರ ಜ್ವರ, ರಕ್ತದೊತ್ತಡ ಕುಸಿತ, ಬುದ್ಧಿಯ ಗೊಂದಲ, ಮುಂದೆ ಇನ್ನೊಂದು ಕ್ಯಾನ್ಸರ್ ಬರುವ ಸಾಧ್ಯತೆ ಎಂದೆಲ್ಲ ಬರೆದಿರುವುದನ್ನು ಓದಿ ಅಮ್ಮ ಹೆದರಿಹೋಗಿದ್ದಾರೆ. ಜೊತೆಯಲ್ಲಿರುವವರು ಏನನ್ನು ಗಮನಿಸಬೇಕು?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ನಿಮ್ಮ ತಾಯಿಯವರ ಭಯ ಸಹಜವಾದದ್ದು. ಆದರೆ ಆ ಪತ್ರದಲ್ಲಿರುವ ಅಪಾಯಗಳೆಲ್ಲ ಒಂದೇ ತೂಕದವಲ್ಲ, ಒಟ್ಟಿಗೇ ಬರುವವೂ ಅಲ್ಲ ಎಂಬುದನ್ನು ಮೊದಲು ಅವರಿಗೆ ತಿಳಿಸಿ. ಈ ಚಿಕಿತ್ಸೆಯಲ್ಲಿ ರೋಗಿಯ ರಕ್ತದಿಂದಲೇ ಟಿ-ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳನ್ನು) ಬೇರ್ಪಡಿಸಿ, ಕ್ಯಾನ್ಸರ್ ಕೋಶದ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುವಂತೆ ಅವುಗಳ ವಂಶವಾಹಿಯನ್ನು ತಿದ್ದಿ, ಪ್ರಯೋಗಾಲಯದಲ್ಲಿ ಬೆಳೆಸಿ, ಮತ್ತೆ ರಕ್ತನಾಳಕ್ಕೆ ಬಿಡುತ್ತಾರೆ. ಆ ಕೋಶಗಳು ಒಳಗೆ ಹೆಚ್ಚುತ್ತಾ ಕ್ಯಾನ್ಸರಿನ ಮೇಲೆ ಬಿದ್ದಾಗ ಸೈಟೊಕೈನ್ ಎಂಬ ರಾಸಾಯನಿಕಗಳು ವಿಪರೀತವಾಗಿ ಬಿಡುಗಡೆಯಾಗುತ್ತವೆ; ಮೊದಲ ಒಂದೆರಡು ವಾರಗಳ ಜ್ವರಕ್ಕೆ ಇದೇ ಮುಖ್ಯ ಕಾರಣ. ಮಕ್ಕಳು ಮತ್ತು ಹರೆಯದವರ ಲುಕೇಮಿಯಾ (ರಕ್ತದ ಕ್ಯಾನ್ಸರ್) ಕುರಿತು ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಚಿಕಿತ್ಸೆ ಪಡೆದ 75 ಮಂದಿಯಲ್ಲಿ ಶೇ 77ರಷ್ಟು ಮಂದಿಗೆ ಈ ಸೈಟೊಕೈನ್ ಪ್ರತಿಕ್ರಿಯೆ ಒಂದಲ್ಲ ಒಂದು ಮಟ್ಟದಲ್ಲಿ ಕಾಣಿಸಿಕೊಂಡಿತ್ತು. ಕೆಲವರಲ್ಲಿ ಅದು ಜ್ವರಕ್ಕೇ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ರಕ್ತದೊತ್ತಡ ಇಳಿದು, ಆಮ್ಲಜನಕ ಕಡಿಮೆಯಾಗಿ, ತೀವ್ರ ನಿಗಾ ಘಟಕ ಬೇಕಾಗುತ್ತದೆ.

ಇದಕ್ಕೆ ಮದ್ದು ಸಿಕ್ಕಿದ್ದು 2012ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಈ ಚಿಕಿತ್ಸೆಯ ನಂತರ ಸಾವಿನ ಅಂಚಿಗೆ ಹೋಗಿದ್ದಳು. ಅವಳ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ಅತಿಯಾಗಿರುವುದು ಕಂಡಾಗ, ಅದನ್ನು ತಡೆಯುವ ಟೊಸಿಲಿಝುಮ್ಯಾಬ್ ಎಂಬ ಸಂಧಿವಾತದ ಔಷಧವನ್ನು ವೈದ್ಯರು ಕೊಟ್ಟರು. ಈ ಚಿಕಿತ್ಸೆಯನ್ನು ರೂಪಿಸಿದ ತಂಡದ ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತವಿದ್ದ ಕಾರಣ ಅವರಿಗೆ ಆ ಔಷಧದ ಪರಿಚಯ ಮೊದಲೇ ಇತ್ತು. ಬಾಲಕಿ ಬೇಗನೆ ಚೇತರಿಸಿಕೊಂಡಳು. ಇಂದು ಕಾರ್-ಟಿ ಕೊಡುವ ಆಸ್ಪತ್ರೆಗಳು ಕೋಶಗಳನ್ನು ಹಾಕುವ ಮುನ್ನವೇ ಈ ಔಷಧವನ್ನು ಕೈಗೆಟುಕುವಂತೆ ಇಟ್ಟುಕೊಂಡಿರುತ್ತವೆ.

ಆದ್ದರಿಂದ ನಿಮ್ಮ ಕೈಯಲ್ಲಿರುವ ಮುಖ್ಯ ಕೆಲಸ ತಡಮಾಡದಿರುವುದು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ತಾಪ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ. ಕೋಶಗಳಿಗೆ ಮುನ್ನ ಕೊಡುವ ಕೀಮೊದಿಂದ ಬಿಳಿ ರಕ್ತಕಣಗಳೂ ಕುಸಿದಿರುವುದರಿಂದ, ಅದು ಸೈಟೊಕೈನ್ ಜ್ವರವೋ ಸೋಂಕಿನ ಜ್ವರವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಆಗುವುದಿಲ್ಲ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಮಿದುಳಿನ ಮೇಲಿನ ಪರಿಣಾಮ. ಇದು ಸಾಮಾನ್ಯವಾಗಿ ಜ್ವರದ ಜೊತೆಗೆ ಅಥವಾ ಅದರ ಬೆನ್ನಿಗೇ ಬರುತ್ತದೆ. ವಾರ್ಡಿನಲ್ಲಿ ದಿನವೂ ವರ್ಷ, ತಿಂಗಳು, ಊರು, ಆಸ್ಪತ್ರೆಯ ಹೆಸರು ಕೇಳುತ್ತಾರೆ. ಮೂರು ವಸ್ತುಗಳನ್ನು ಗುರುತಿಸಲು, ನೂರರಿಂದ ಹತ್ತು ಹತ್ತು ಇಳಿಸಿ ಎಣಿಸಲು, ಒಂದು ವಾಕ್ಯ ಬರೆಯಲು ಹೇಳುತ್ತಾರೆ. ಈ ಪರೀಕ್ಷೆ ಕನ್ನಡದಲ್ಲೇ ಆಗಬೇಕು, ಕೋಶಗಳನ್ನು ಹಾಕುವ ಮುಂಚೆಯೇ ಒಮ್ಮೆ ಬರೆಸಿ ಇಟ್ಟುಕೊಳ್ಳಬೇಕು ಎಂದು ದಾದಿಯರಿಗೆ ಒತ್ತಾಯಿಸಿ ಹೇಳಿ. ನನ್ನ ಆರೈಕೆಯಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ದಿನವೂ ‘ಇಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದೆ’ ಎಂದು ದುಂಡಾಗಿ ಬರೆಯುತ್ತಿದ್ದರು. ಐದನೇ ದಿನ ‘ಅಕ್ಕಿ’ಯ ಒತ್ತಕ್ಷರ ಕೆಳಗಿನ ಗೆರೆಗೆ ಜಾರಿತ್ತು, ‘ರೊಟ್ಟಿ’ಯ ಒತ್ತಕ್ಷರ ಇರಲೇ ಇಲ್ಲ, ಮಾತು ಮಾತ್ರ ಆಗಲೂ ಸ್ಪಷ್ಟವಾಗಿತ್ತು. ಆ ಒಂದು ಸಾಲನ್ನು ನೋಡಿಯೇ ನಾವು ಎಚ್ಚೆತ್ತೆವು. ಟೊಸಿಲಿಝುಮ್ಯಾಬ್ ಮಿದುಳಿಗೆ ಸರಿಯಾಗಿ ತಲುಪದ ಕಾರಣ ಇಲ್ಲಿ ಡೆಕ್ಸಾಮೆಥಾಸೋನ್‌ನಂತಹ ಸ್ಟಿರಾಯ್ಡ್ ಬಳಸುತ್ತೇವೆ. ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಆದರೆ ಅಪಸ್ಮಾರದಂತಹ ಸೆಳೆತಕ್ಕೆ, ಮಿದುಳಿನ ಊತಕ್ಕೆ ತಿರುಗಿದರೆ ಜೀವಕ್ಕೇ ಅಪಾಯವೆಂಬುದನ್ನು ಮುಚ್ಚಿಡಲಾರೆ. ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ಕೈ ನಡುಗುವುದು, ಹೊತ್ತಲ್ಲದ ಹೊತ್ತಿನ ಮಂಪರು ನಿಮ್ಮ ತಾಯಿಯವರ ಕಣ್ಣಿಗೆ ನಮಗಿಂತ ಮೊದಲು ಬೀಳುತ್ತವೆ. ‘ಯಾಕೋ ಇವತ್ತು ಇವರು ಇವರಂತಿಲ್ಲ’ ಎಂದು ಅವರಿಗೆ ಅನ್ನಿಸಿದರೆ ಸಂಕೋಚಪಡದೆ ಹೇಳಲಿ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜೂನ್‌ನಲ್ಲಿ, ಆಸ್ಪತ್ರೆಯ ಸಮೀಪ ಉಳಿಯಬೇಕಾದ ಅವಧಿಯನ್ನು ನಾಲ್ಕು ವಾರದಿಂದ ಎರಡು ವಾರಕ್ಕೆ ಇಳಿಸಿದೆ. ಆದರೂ ತೀರ್ಥಹಳ್ಳಿಯಷ್ಟು ದೂರದವರು ಒಂದು ತಿಂಗಳು ಬೆಂಗಳೂರಿನಲ್ಲೇ ಇರುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ವಾಹನ ಚಾಲನೆಗೂ, ಬೂಸಲು ಹಿಡಿದ ಅಡಿಕೆ ಸಿಪ್ಪೆಯ ರಾಶಿಯ ಬಳಿ ಹೋಗುವುದಕ್ಕೂ ವೈದ್ಯರು ಅನುಮತಿ ಕೊಡುವವರೆಗೆ ಕಾಯಿರಿ.

ಇನ್ನು ಎರಡನೇ ಕ್ಯಾನ್ಸರಿನ ಮಾತು, ಅಂದರೆ ಈ ಚಿಕಿತ್ಸೆಯ ನಂತರ ಟಿ-ಕೋಶಗಳಲ್ಲೇ ಹೊಸ ಕ್ಯಾನ್ಸರ್ ಹುಟ್ಟುವ ಸಾಧ್ಯತೆ. ಅಮೆರಿಕದಲ್ಲಿ 27,000ಕ್ಕೂ ಹೆಚ್ಚು ಡೋಸ್ ಕೊಟ್ಟ ಬಳಿಕ, 2023ರ ಅಂತ್ಯದ ವೇಳೆಗೆ ಇಂತಹ 22 ಟಿ-ಕೋಶ ಕ್ಯಾನ್ಸರ್ ಪ್ರಕರಣಗಳು ಎಫ್‌ಡಿಎ ಗಮನಕ್ಕೆ ಬಂದಿದ್ದವು. ಜೀವನಪರ್ಯಂತ ತಪಾಸಣೆ ಬೇಕು, ನಿಜ. ಆದರೆ ಮರುಕಳಿಸಿದ ಲಿಂಫೋಮಾ ಇಂದೇ ಎದುರಿಗಿರುವ ಅಪಾಯ.

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಲುಕೇಮಿಯಾಕ್ಕೆ ಕಾರ್-ಟಿ ಆಗಿ ಐದು ತಿಂಗಳಾಗಿದೆ. ಕ್ಯಾನ್ಸರ್ ಕಾಣುತ್ತಿಲ್ಲ ಎನ್ನುತ್ತಾರೆ. ಆದರೂ ಪ್ರತಿ ತಿಂಗಳು ಇಮ್ಯುನೊಗ್ಲಾಬ್ಯುಲಿನ್ ಹಾಕಿಸಬೇಕಂತೆ. ಚಿಕಿತ್ಸೆ ಸೋತಿದೆಯೇ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಇಲ್ಲ ತಾಯಿ, ಸೋತಿಲ್ಲ. ಸಿಡಿ19 ಗುರುತು ಪ್ರತಿಕಾಯಗಳನ್ನು ತಯಾರಿಸುವ ಆರೋಗ್ಯವಂತ ಬಿ-ಕೋಶಗಳ ಮೇಲೂ ಇರುವುದರಿಂದ, ತಿದ್ದಿದ ಟಿ-ಕೋಶಗಳು ಅವನ್ನೂ ಅಳಿಸಿಹಾಕುತ್ತವೆ. ಪ್ರತಿಕಾಯಗಳು ಕಡಿಮೆಯಾಗಿ ಪದೇ ಪದೇ ಸೋಂಕು ಬರಬಹುದಾದ್ದರಿಂದ ಅವನ್ನು ಇಮ್ಯುನೊಗ್ಲಾಬ್ಯುಲಿನ್ ರೂಪದಲ್ಲಿ ಹೊರಗಿನಿಂದ ತುಂಬಿಕೊಡುತ್ತಾರೆ. ಬಿ-ಕೋಶಗಳು ಇನ್ನೂ ಮರಳಿಲ್ಲವೆಂದರೆ ಆ ಟಿ-ಕೋಶಗಳು ಕಾವಲಿನಲ್ಲೇ ಇವೆ ಎಂದರ್ಥ. ಲುಕೇಮಿಯಾದಲ್ಲಿ ಬಿ-ಕೋಶಗಳು ಬಹಳ ಬೇಗ ಮರಳಿದರೆ ನಮಗೆ ಚಿಂತೆಯಾಗುವುದು. ದಡಾರ, ಸೀತಾಳೆ ಸಿಡುಬಿನಂತಹ (ಚಿಕನ್‌ಪಾಕ್ಸ್) ರೋಗಗಳ ಜೀವಂತ ಲಸಿಕೆಗಳನ್ನು ವೈದ್ಯರು ಹೇಳುವವರೆಗೆ ಅವಳಿಗೆ ಹಾಕಿಸಬೇಡಿ. ಮನೆಯ ಉಳಿದವರೆಲ್ಲ ಫ್ಲೂ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿಕೊಳ್ಳಿ.