ಹಳದಿ ತಿರುಗಿದ ಮೆಕ್ಕೆಜೋಳಕ್ಕೆ ಇನ್ನೊಂದು ಚೀಲ ಯೂರಿಯಾ?

ಪ್ರಶ್ನೆ: ಜಡಿಮಳೆಗೆ ಮೆಕ್ಕೆಜೋಳ ಹಳದಿ ತಿರುಗಿತೆಂದು ಎಕರೆಗೆ ಇನ್ನೊಂದು ಚೀಲ ಯೂರಿಯಾ ಎರಚಿದೆ. ಹಸಿರಾಗಲಿಲ್ಲ. ಹೀಗೆ ದಂಡವಾದ ಗೊಬ್ಬರ ಗಾಳಿ ಸೇರಿ ಭೂಮಿಯ ಬಿಸಿ ಏರಿಸುತ್ತದಂತೆ, ನಿಜವೇ?
– ಓದುಗರು, ದಾವಣಗೆರೆ ತಾಲ್ಲೂಕು

ಉತ್ತರ: ನಿಜ. ಅದರಲ್ಲೂ ನೀವು ಎರಚಿದಂಥ ಹೊತ್ತಿನಲ್ಲಿ ಹೆಚ್ಚು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲ, ಗೊಬ್ಬರ ಪಕ್ಕದಲ್ಲೇ ಇದ್ದರೂ ಎಳೆದುಕೊಳ್ಳಲಾರದು. ಯೂರಿಯಾದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಎಂಬ ರೂಪಕ್ಕೆ ತಿರುಗುತ್ತದೆ; ಗಾಳಿ ಸಿಗದ ಮಣ್ಣಿನ ಬ್ಯಾಕ್ಟೀರಿಯಾಗಳು ಆ ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಆಗ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಈ ಅನಿಲದ 1 ಕೆ.ಜಿ., ಇಂಗಾಲದ ಡೈಆಕ್ಸೈಡ್‌ನ 273 ಕೆ.ಜಿ.ಗೆ ಸಮ.

ನಿಮ್ಮ 45 ಕೆ.ಜಿ. ಚೀಲದಲ್ಲಿ ಸಾರಜನಕ ಸುಮಾರು 20.7 ಕೆ.ಜಿ. ಸಾಮಾನ್ಯವಾಗಿ ಅದರ ಶೇ 1ರಷ್ಟು ಹೀಗೆ ಹೋಗುತ್ತದೆಂದು ಹಿಡಿದರೆ 325 ಗ್ರಾಂ ನೈಟ್ರಸ್ ಆಕ್ಸೈಡ್, ಅಂದರೆ 89 ಕೆ.ಜಿ. ಡೈಆಕ್ಸೈಡ್‌ನಷ್ಟು ಬಿಸಿ. ಯೂರಿಯಾ ಕರಗಿ ಒಡೆಯುವಾಗ ಬರುವ 33 ಕೆ.ಜಿ. ಬೇರೆ. ಯೂರಿಯಾ ತಯಾರಿಸುವ ಕಾರ್ಖಾನೆಯ ಹೊಗೆ ಇದರಲ್ಲಿ ಸೇರಿಲ್ಲ.

ಇಂಥ ಹಳದಿಗೆ ಮೊದಲ ಮದ್ದು ಗೊಬ್ಬರವಲ್ಲ, ಬಸಿಗಾಲುವೆ. ನೀರು ಹೊರಹಾಕಿ, ಮಣ್ಣು ಹದಕ್ಕೆ ಬರುವವರೆಗೆ ಕಾಯಿರಿ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಕೆಳಗೆ ಬಿಡಿ: ಪುಡಿಯಾದರೆ ಹದ, ಅಂಗೈಗೆ ಮೆತ್ತಿಕೊಂಡರೆ ಇನ್ನೂ ಬೇಡ. ಎಷ್ಟೋ ಸಲ ಅಷ್ಟರಲ್ಲಿ ಹೊಸ ಎಲೆ ತಾನಾಗಿ ಹಸಿರಾಗಿರುತ್ತದೆ.

ಮಳೆಯಾಶ್ರಿತ ಬೆಳೆಗೆ ಎಕರೆಗೆ 40 ಕೆ.ಜಿ. ಸಾರಜನಕ ಸಾಕು. ಬಿತ್ತುವಾಗ 50 ಕೆ.ಜಿ. ಡಿಎಪಿ ಕೊಟ್ಟಿದ್ದರೆ 9 ಕೆ.ಜಿ. ಆಗಲೇ ಸಂದಿದೆ. ಉಳಿದದ್ದಕ್ಕೆ ಯೂರಿಯಾ ಒಂದೂವರೆ ಚೀಲ: ಅದರಲ್ಲಿ ಅರ್ಧ, ಅಂದರೆ ಮುಕ್ಕಾಲು ಚೀಲ, 30 ದಿನಕ್ಕೆ, ಪೈರು ಮೊಣಕಾಲೆತ್ತರ ಇದ್ದಾಗ, ಇನ್ನರ್ಧ ಸೂಲಂಗಿ ಬರುವ ಮುಂಚೆ. ಎರಚಬೇಡಿ. ಬುಡದಿಂದ ಎರಡು ಮೂರು ಅಂಗುಲ ದೂರಕ್ಕೆ ಸಾಲಾಗಿ ಬಿಟ್ಟು, ಅದೇ ದಿನ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ಮೇಲೆಯೇ ಬಿದ್ದಿದ್ದರೆ ಅಮೋನಿಯಾ ಆಗಿ ಹೋಗುತ್ತದೆ. ಆ ಘಾಟು ನಿಮ್ಮ ದುಡ್ಡಿನದು. ಭಾರಿ ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡವಾದರೂ ಬೆಳೆಗೆ ನಷ್ಟವಿಲ್ಲ.

ಪ್ರಶ್ನೆ: ಬರೀ ಕೊಟ್ಟಿಗೆ ಗೊಬ್ಬರ ಹಾಕಿದರೆ ಬಿಸಿ ಏರಿಸುವ ಈ ಅನಿಲ ಬರುವುದಿಲ್ಲವೇ?

ಉತ್ತರ: ಬರುತ್ತದೆ, ಅದರಲ್ಲೂ ಸಾರಜನಕವಿದೆ. ತಿಪ್ಪೆ ನೀರಲ್ಲಿ ನೆನೆಯುತ್ತಿದ್ದರೆ ಬಿಸಿ ಏರಿಸುವ ಇನ್ನೊಂದು ಅನಿಲ ಮೀಥೇನ್ ಕೂಡ. ಚೆನ್ನಾಗಿ ಕಳಿತದ್ದನ್ನೇ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹರಡಿ ಹರಗಿ. ಹಸಿ ಸಗಣಿ, ಯೂರಿಯಾ ಎರಡನ್ನೂ ಒಟ್ಟಿಗೆ ಕೊಡಬೇಡಿ. ಬ್ಯಾಕ್ಟೀರಿಯಾಗಳಿಗೆ ಆಹಾರವೂ ನೈಟ್ರೇಟೂ ಒಮ್ಮೆಲೇ ಸಿಕ್ಕಿ ಅನಿಲ ಇನ್ನೂ ಹೆಚ್ಚುತ್ತದೆ.