ಛಾಪಾ ಕಾಗದಕ್ಕೆ ಸಹಿ ಹಾಕಿದರೆ ವಿಚ್ಛೇದನವಾಗುವುದೇ?

ಪ್ರಶ್ನೆ: ನಮ್ಮ ಮದುವೆಯಾಗಿ ಆರು ವರ್ಷಗಳಾಗಿದ್ದು, ನಾಲ್ಕು ವರ್ಷದ ಮಗಳಿದ್ದಾಳೆ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಈವರೆಗೆ ಅವರು ಖರ್ಚಿಗೆ ಏನನ್ನೂ ಕೊಟ್ಟಿಲ್ಲ. ಈಗ ಎರಡೂ ಕಡೆಯ ಹಿರಿಯರು ಕುಳಿತು, ಎರಡು ಲಕ್ಷ ರೂಪಾಯಿ ಪಡೆದು ‘ಬಿಡುಗಡೆ ಪತ್ರ’ ಬರೆದುಕೊಡುವಂತೆ ಒತ್ತಾಯಿಸುತ್ತಿದ್ದಾರೆ. ನಾನೇನು ಮಾಡಲಿ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಆ ಪತ್ರಕ್ಕೆ ಸಹಿ ಹಾಕಬೇಡಿ. ವಿಚ್ಛೇದನದ ರೂಢಿ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ರುಜುವಾತಾದ ಸಂದರ್ಭವನ್ನು ಬಿಟ್ಟರೆ, 1955ರ ಹಿಂದೂ ವಿವಾಹ ಕಾಯ್ದೆಯ ವ್ಯಾಪ್ತಿಗೆ ಬರುವ ಮದುವೆ ನ್ಯಾಯಾಲಯದ ಡಿಕ್ರಿಯಿಂದಲೇ ರದ್ದಾಗಬೇಕು. ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ಆಗದು. ಇಂಥ ಪತ್ರಗಳಲ್ಲಿ ‘ಉಭಯತರೂ ಒಪ್ಪಿ ಬೇರೆಯಾಗಿದ್ದೇವೆ’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುವ ಪತ್ನಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಜೀವನಾಂಶ ಸಿಗುವುದಿಲ್ಲವಾದ್ದರಿಂದ, ನಾಳೆ ಅದೇ ಸಾಲನ್ನು ನಿಮ್ಮ ವಿರುದ್ಧ ತೋರಿಸುತ್ತಾರೆ. ಮಗಳ ಜೀವನಾಂಶದ ಹಕ್ಕನ್ನಂತೂ ಬಿಟ್ಟುಕೊಡಲು ಯಾವ ಹಿರಿಯರಿಗೂ ಅಧಿಕಾರವಿಲ್ಲ.

ವಿಚ್ಛೇದನದ ವಿಚಾರ ಆಮೇಲಿರಲಿ, ಮೊದಲು ಜೀವನಾಂಶ ಕೇಳಿ ಎಂಬುದು ನನ್ನ ಸಲಹೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗಕ್ಕೆ ಬಂದಿರುವ ಈ 144ನೇ ಕಲಮಿನಡಿ ನೀವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಮಧ್ಯಂತರ ಜೀವನಾಂಶದ ಕೋರಿಕೆಯನ್ನು ಎದುರುದಾರರಿಗೆ ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಕೊಡಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ತಡಮಾಡಿದ ಪ್ರತಿ ತಿಂಗಳೂ ನಿಮಗೇ ನಷ್ಟ. ಹೊಡೆತದ ಬಗ್ಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಪರಿಹಾರಗಳನ್ನೂ ಕೋರಬಹುದು. ಇದಕ್ಕೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿ.

ಇನ್ನು ವಿಚ್ಛೇದನ. ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿಗೆ ಒಂದು ವರ್ಷದ ಪ್ರತ್ಯೇಕ ವಾಸ ಸಾಕು, ಅದು ನಿಮಗೆ ಪೂರ್ಣವಾಗಿದೆ. ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಹಣದ ಮೊತ್ತ, ಒಡವೆ, ಮಗಳ ಪಾಲನೆ ಎಲ್ಲವೂ ಆ ಅರ್ಜಿಯಲ್ಲೇ ದಾಖಲಾಗಲಿ. ಅವರು ಒಪ್ಪದಿದ್ದರೆ ಕ್ರೌರ್ಯದ ಕಾರಣಕ್ಕೆ ನೀವೊಬ್ಬರೇ ಅರ್ಜಿ ಹಾಕಬಹುದು. ಪರಿತ್ಯಾಗದ, ಅಂದರೆ ಸಂಗಾತಿ ತೊರೆದ, ಕಾರಣಕ್ಕೆ ಎರಡು ವರ್ಷ ತುಂಬಿರಬೇಕು. ಸಂಬಂಧ ಕಡಿದುಕೊಳ್ಳಲು ಮನಸ್ಸು ಇನ್ನೂ ಒಪ್ಪದಿದ್ದರೆ ಅದೇ ಕಾಯ್ದೆಯ 10ನೇ ಕಲಮಿನಡಿ ನ್ಯಾಯಿಕ ಪ್ರತ್ಯೇಕತೆಯನ್ನು (ಮದುವೆ ರದ್ದಾಗದೆ ಬೇರೆ ವಾಸಿಸಲು ನ್ಯಾಯಾಲಯದ ಡಿಕ್ರಿ) ಕೇಳುವ ದಾರಿಯೂ ಇದೆ.

ವಕೀಲರ ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗುವಾಗ ಲಗ್ನಪತ್ರಿಕೆ, ಮದುವೆಯ ಫೋಟೊ, ಒಡವೆಯ ರಸೀದಿ, ಆಸ್ಪತ್ರೆಯ ಚೀಟಿ, ಮಗಳ ಜನನ ಪ್ರಮಾಣಪತ್ರಗಳನ್ನು ಜೊತೆಗೊಯ್ಯಿರಿ; ಹಿರಿಯರು ಕೊಟ್ಟಿರುವ ಆ ಕರಡು ಪತ್ರವನ್ನೂ ಹರಿಯದೆ ತೆಗೆದುಕೊಂಡು ಹೋಗಿ.